ಕೆಂಪು ಚುಕ್ಕೆಯ ಲೆನ್ಸು

ಮಾರಿದ ಲೆನ್ಸು ಅಂಗಡಿಗೆ ತಿರುಗಿ ಬಂದರೆ ನನಗೆ ಮೈ ಉರಿಯುತ್ತದೆ. ಸೀರೆ ತಿರುಗಿ ಬಂದರೆ ಮಡಿಚಿ ಇಡಬಹುದು, ಚಪ್ಪಲಿ ಬಂದರೆ ಒರೆಸಿ ಇಡಬಹುದು. ಲೆನ್ಸಿನ ಡಬ್ಬಿ ಒಮ್ಮೆ ಬಿಚ್ಚಿದರೆ ಮುಗಿಯಿತು, ಅದು ಬಳಸಿದ ಮಾಲು. ಅದರಲ್ಲೂ ಗುರುರಾಜ ಮಾಸ್ತರರು ತಿರುಗಿ ತಂದದ್ದನ್ನು ಇನ್ನೊಬ್ಬರಿಗೆ ಮಾರುವುದು ಆಗದ ಮಾತು. ಕೈಗೆ ಬಂದ ಪ್ರತಿ ಸಾಮಾನಿನ ಮೇಲೂ ಅವರು ಹೆಂಡತಿಯ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಡುತ್ತಾರೆ. ಅವರು ಫೋಟೋ ತೆಗೆಯಲು ಹೋಗುತ್ತಿದ್ದ ಮದುವೆ ಮನೆಗಳಲ್ಲಿ ನಾಲ್ಕಾರು ಫೋಟೋಗ್ರಾಫರುಗಳ ಸಾಮಾನು ಒಂದೇ ಕೋಣೆಯಲ್ಲಿ ಬಿದ್ದಿರುತ್ತದಲ್ಲ, ಅದಲುಬದಲು ಆಗಬಾರದೆಂದು ಕಲಿತ ಅಭ್ಯಾಸ. ಅವರಿಗೆ ಒಳ್ಳೆಯದೇ, ಅಂಗಡಿಕಾರನಾದ ನನಗೆ ಕೆಟ್ಟದ್ದು.

ನನ್ನ ಅಂಗಡಿ ಬಾಗಲಕೋಟೆಯ ನವನಗರದಲ್ಲಿದೆ. ಅಪ್ಪನ ಸ್ಟುಡಿಯೊ ಹಳೇ ಊರಿನಲ್ಲಿತ್ತು, ಆ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಇಲ್ಲಿಗೆ ಬಂದೆವು. ಮಾಸ್ತರರು ಹುನಗುಂದದವರು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರ ಮೊದಲ ಕ್ಯಾಮೆರಾ ನಮ್ಮಪ್ಪ ಕೊಟ್ಟದ್ದು. ಅಂದಿನಿಂದ ಅವರು ನಮ್ಮ ಅಂಗಡಿ ಬಿಟ್ಟು ಇನ್ನೊಂದರ ಮೆಟ್ಟಿಲು ಹತ್ತಿದವರಲ್ಲ.

ಈಗ ಕೆಲವು ವರ್ಷಗಳಿಂದ ಅವರ ಮುಖ್ಯ ಕೆಲಸ ಇಳಕಲ್ಲಿನ ನೇಕಾರರ ಸೀರೆಗಳ ಫೋಟೋ ತೆಗೆಯುವುದು. ಸೀರೆ ಈಗ ಅಂಗಡಿಗಿಂತ ಮೊದಲು ಫೋನಿನಲ್ಲಿ ಮಾರಾಟವಾಗುತ್ತದೆ. ಅಡ್ಡ ಉದ್ದ ಗೆರೆಗಳ ಚೌಕಡಿ ಸೀರೆಯ ಒಂದು ಗೆರೆ ಫೋಟೋದಲ್ಲಿ ಡೊಂಕಾಗಿ ಬಂದರೆ, ನೋಡಿದವರು ನೇಯ್ದವಳ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಹೀಗೆ ಆಗದಂತೆ ನೋಡಿಕೊಳ್ಳುವುದೇ ಮಾಸ್ತರರ ಕಸುಬು. ಒಂದು ಎಳೆ ವಾಲಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಆ ಕಣ್ಣಿನ ಬಗ್ಗೆ ಅವರಿಗೆ ಜಂಬವಿತ್ತು. ಸುಳ್ಳೇಕೆ ಹೇಳಲಿ, ಅಂಥವರು ನನ್ನ ಗಿರಾಕಿ ಎಂದು ನನಗೂ ಜಂಬವಿತ್ತು.

ಹೋದ ಚಳಿಗಾಲದಲ್ಲಿ ಅವರು ಹಳೆಯ ಕ್ಯಾಮೆರಾ ಬಿಟ್ಟು ಮಿರರ್‌ಲೆಸ್‌ಗೆ ಬಂದರು. ಹಳೆಯದರಲ್ಲಿ ಕಿಂಡಿಗೆ ಕಣ್ಣಿಟ್ಟರೆ ಒಳಗಿನ ಕನ್ನಡಿಯ ಮೂಲಕ ಎದುರಿಗಿದ್ದದ್ದೇ ಕಾಣುತ್ತಿತ್ತು. ಹೊಸದರಲ್ಲಿ ಕನ್ನಡಿ ಇಲ್ಲ, ಕಿಂಡಿಯೊಳಗೆ ಕಾಣುವುದು ಒಂದು ಪುಟ್ಟ ಟಿವಿ. ಮಾಸ್ತರರಿಗೆ ಮೊದಲ ದಿನದಿಂದಲೂ ಅದರ ಮೇಲೆ ಅನುಮಾನ. ಆದರೂ ಒಗ್ಗಿಕೊಳ್ಳುತ್ತೇನೆಂದರು. ಅದಕ್ಕೆ ಒಂದು ಒಳ್ಳೆಯ ಐವತ್ತರ, ಅಂದರೆ ಐವತ್ತು ಮಿಲಿಮೀಟರಿನ, ಪ್ರೈಮ್ ಲೆನ್ಸು ಬೇಕೆಂದರು. ಜೂಮ್ ಲೆನ್ಸಿನಲ್ಲಿ ನಿಂತಲ್ಲೇ ನಿಂತು ದೂರದ್ದನ್ನು ಹತ್ತಿರ ಎಳೆಯಬಹುದು. ಪ್ರೈಮ್ ಲೆನ್ಸಿನಲ್ಲಿ ಆ ಸೌಕರ್ಯವಿಲ್ಲ, ಹತ್ತಿರ ಬೇಕಾದರೆ ಕಾಲೇ ನಡೆಯಬೇಕು. ಐವತ್ತರದು ಮನುಷ್ಯನ ಕಣ್ಣು ನೋಡಿದ ಹಾಗೆ ನೋಡುತ್ತದೆ ಎನ್ನುತ್ತಾರೆ, ಹಿಗ್ಗಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ.

ಮೊದಲು ಕೊಟ್ಟದ್ದು ಒನ್ ಪಾಯಿಂಟ್ ಏಯ್ಟ್. ಅದು ಲೆನ್ಸಿನ ಬಾಯಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಹಗುರ, ಮೈಯೆಲ್ಲ ಪ್ಲಾಸ್ಟಿಕ್ಕು, ಆದರೆ ಪ್ರಾಮಾಣಿಕ ಲೆನ್ಸು. ನೋಡಿ ಹೇಳುತ್ತೇನೆಂದು ಒಯ್ದ ಮಾಸ್ತರರು ಯುಗಾದಿಯ ಹೊತ್ತಿಗೆ ವಾಪಸು ತಂದರು. ನಡುವಿನ ಗೆರೆ ಸ್ವಲ್ಪ ನಡುಗಿದಂತೆ ಕಾಣುತ್ತದೆ ಎಂಬುದು ದೂರು. ಅವರೇ ತೆಗೆದ ಫೋಟೋವನ್ನು ನಾನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಗೆರೆಗಳು ನೆಟ್ಟಗಿದ್ದವು. ಅವರಿಗೂ ನೆಟ್ಟಗೇ ಕಂಡವು. ಆದರೆ ಸೋಲುವ ಪೈಕಿ ಅಲ್ಲ ಅವರು. ಈ ಹೊಸ ಕ್ಯಾಮೆರಾಗಳು ಲೆನ್ಸಿನ ಡೊಂಕನ್ನು ಒಳಗೊಳಗೇ ತಿದ್ದಿ ಫೋಟೋ ಕೊಡುತ್ತವೆ, ತಿದ್ದಿದ ಸುಳ್ಳು ನನಗೆ ಬೇಡ, ಹುಟ್ಟಾ ನೆಟ್ಟಗಿರುವ ಲೆನ್ಸು ಕೊಡು ಎಂದರು. ಕ್ಯಾಮೆರಾ ಹಾಗೆ ತಿದ್ದುವುದು ನಿಜವೇ. ತಿದ್ದುವುದನ್ನು ಬಂದ್ ಮಾಡಿ ತೋರಿಸಿದೆ, ಆಗಲೂ ಕಿಂಡಿಯಲ್ಲಿ ಹಾಗೆಯೇ ಕಾಣುತ್ತದೆ ಎಂದರು. ಚುಕ್ಕೆ ಇಟ್ಟಿದ್ದ ಲೆನ್ಸನ್ನು ನಾನು ಗಾಜಿನ ಕಪಾಟಿನ ಮೇಲಿನ ಹಲಗೆಗೆ ಸೇರಿಸಿದೆ.

ಆಮೇಲೆ ಒನ್ ಪಾಯಿಂಟ್ ಫೋರ್ ಹೋಯಿತು. ಅದು ತೂಕದ್ದು, ಒಳಗೆ ಗಾಜು ಹೆಚ್ಚು, ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗಿ ಮುಂದಿನದು ಮಾತ್ರ ಎದ್ದು ನಿಲ್ಲುತ್ತದೆ. ಅದೂ ತಿರುಗಿ ಬಂತು. ಇದು ಮೊದಲಿನದಕ್ಕಿಂತ ಕೆಟ್ಟದ್ದು ಎಂದರು. ಮೂರನೆಯದು ನಲವತ್ತರದು, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಸಣ್ಣದು, ಐವತ್ತಕ್ಕಿಂತ ತುಸು ಅಗಲ ನೋಡುವಂಥದು. ಈ ಸಲ ಬರೀ ಬಾಯಿ ಮಾತು ಬೇಡ, ಇಬ್ಬರೂ ಕೂಡಿ ನೋಡೋಣ ಎಂದು ನಾನು ಹಟ ಹಿಡಿದೆ. ಮಾಸ್ತರರು ಬಾದಾಮಿಗೆ ನಡಿ ಎಂದರು. ಕಲ್ಲಿನ ಕಂಬಕ್ಕಿಂತ ನೆಟ್ಟಗಿನ ಸಾಕ್ಷಿ ಯಾವುದಿದೆ?

ಒಂದು ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಗುಹೆಗಳ ಮೆಟ್ಟಿಲು ಹತ್ತಿದೆವು. ಮಂಗಗಳು ಚೀಲದ ಮೇಲೆ ಕಣ್ಣಿಟ್ಟು ಬೆನ್ನುಹತ್ತಿದವು. ಸಾಲುಗಂಬಗಳ ಎದುರು ನಿಂತು ಮಾಸ್ತರರು ಒಂದಾದ ಮೇಲೊಂದು ಮೂರೂ ಲೆನ್ಸು ಬದಲಿಸಿದರು. ಅವರು ಕ್ಯಾಮೆರಾ ಹಿಡಿದು ನಿಲ್ಲುವ ರೀತಿ ನನಗೆ ಚಿಕ್ಕಂದಿನಿಂದ ಗೊತ್ತು. ಮೊಣಕೈ ಪಕ್ಕೆಗೆ ಒತ್ತಿ, ಎಡಗಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದು. ಅಂದು ಬಹಳ ಹೊತ್ತು ಹಾಗೆ ನಿಂತರು.

"ನಡುವಿನ ಕಂಬಕ್ಕ ಸೊಂಟ ಬಂದದ," ಎಂದರು ಕೊನೆಗೆ. "ಮೂರರಾಗೂ ಬಂದದ. ನಲವತ್ತರದ್ರಾಗ ಅಂತೂ ಕಂಬ ಕರಗಿದ್ಹಂಗ ಕಾಣಸ್ತದ."

ಕ್ಯಾಮೆರಾ ಇಸಿದುಕೊಂಡು ನಾನೂ ನೋಡಿದೆ. ಕಂಬ ಕಂಬದ ಹಾಗೇ ಇತ್ತು. ನನಗೇನೂ ಕಾಣುತ್ತಿಲ್ಲ ಎಂದೆ. ನಿನಗೆ ಮಾರುವುದು ಗೊತ್ತು, ನೋಡುವುದು ಗೊತ್ತಿಲ್ಲ ಎಂದರು. ಮಾತು ನನಗೆ ಚುಚ್ಚಿತು. ಹಿರಿಯರೆಂದು ನುಂಗಿಕೊಂಡೆ. ಇಳಿಯುವಾಗ ಅವರು ಮೆಟ್ಟಿಲ ಅಂಚನ್ನು ಕಾಲಿನಿಂದ ತಡವಿ ತಡವಿ ಹೆಜ್ಜೆ ಇಡುತ್ತಿದ್ದರು. ವಯಸ್ಸಾಯಿತು ಎಂದುಕೊಂಡೆ.

ಇತ್ತ ಇಳಕಲ್ಲಿನಲ್ಲಿ ಕೆಲಸ ನಿಂತುಹೋಗಿತ್ತು. ಗೆರೆ ನೆಟ್ಟಗಾಗುವ ತನಕ ಒಂದು ಫೋಟೋವನ್ನೂ ಯಾರಿಗೂ ಕೊಡುವುದಿಲ್ಲ ಎಂದು ಮಾಸ್ತರರು ಕೂತುಬಿಟ್ಟಿದ್ದರು. ಅಲ್ಲಿನ ನೇಕಾರ ಹೆಣ್ಣುಮಗಳು ಶಾರವ್ವ ದಸರೆಗೆಂದು ನೇಯ್ದ ಸೀರೆಗಳು ಮಡಿಕೆ ಬಿಚ್ಚದೆ ಇವರ ಮನೆಯ ಟ್ರಂಕಿನಲ್ಲಿದ್ದವು. ಅವಳು ಒಳ್ಳೆಯವಳು, ಬೇರೆಯವರ ಕಡೆ ಹೋಗದೆ ಕಾದಳು. ಮಾಸ್ತರರ ಹೆಂಡತಿ ರಂಜನಾ ವೈನಿ ನನಗೆ ಫೋನು ಮಾಡಿ, ಇವರು ಇತ್ತೀಚೆಗೆ ಊಟಕ್ಕೂ ಸರಿಯಾಗಿ ಕೂಡುತ್ತಿಲ್ಲ, ಕೈಯಲ್ಲಿನ ಕೆಲಸ ಹೋದರೆ ಈ ಮನುಷ್ಯ ಉಳಿಯುವುದಿಲ್ಲ, ಹೇಗಾದರೂ ಒಂದು ಒಳ್ಳೆಯ ಲೆನ್ಸು ಹುಡುಕಿಕೊಡು ಎಂದರು. ಅವರ ದನಿ ಕೇಳಿ ನನಗೆ ನಿಜವಾಗಿಯೂ ಭಯವಾಯಿತು.

ಶ್ರಾವಣ ಮುಗಿಯುವ ಹೊತ್ತಿಗೆ ಮಾಸ್ತರರೇ ಬಂದರು. ಮೊದಲು ಒಯ್ದಿದ್ದ ಒನ್ ಪಾಯಿಂಟ್ ಏಯ್ಟನ್ನೇ ಕೊಡು, ಹಾಳೂರಿಗೆ ಉಳಿದವನೇ ಗೌಡ, ಇದ್ದುದರಲ್ಲಿ ಅದೇ ವಾಸಿ ಇತ್ತು ಎಂದರು. ನಾನು ಸಂತೋಷದಿಂದ ಕಪಾಟಿನಿಂದ ತೆಗೆದು, ಧೂಳು ಊದಿ, ಕೈಗಿಟ್ಟೆ. ಬಾದಾಮಿಗೆ ಹೋಗಿ ಬಂದದ್ದು ಬಿಟ್ಟರೆ ಅದು ಆ ಹಲಗೆ ಬಿಟ್ಟು ಅಲ್ಲಾಡಿರಲಿಲ್ಲ.

ವಾರವಾಗಿರಲಿಲ್ಲ, ಮತ್ತೆ ಬಂದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಲೆನ್ಸನ್ನು ಕೌಂಟರಿನ ಮೇಲೆ ಇಟ್ಟು, ಎಲ್ಲರಿಗೂ ಕೇಳುವಂತೆ ಮಾತಾಡಿದರು.

"ಇದು ನಾ ಒಯ್ದ ಲೆನ್ಸ್ ಅಲ್ಲ. ಆಗ ಗೆರಿ ಬರೇ ನಡಗ್ತಿತ್ತು. ಇದರಾಗ ಮುರದ ಬೀಳ್ತದ. ನೀ ಬದಲಿ ಮಾಡೀ, ಬಾಷಾ."

ಅಪ್ಪನ ಕಾಲದಿಂದ ಈ ಅಂಗಡಿಯಲ್ಲಿ ಯಾರೂ ನಮಗೆ ಆ ಮಾತು ಅಂದಿರಲಿಲ್ಲ.  ಲೆನ್ಸು ತಿರುಗಿಸಿ ಅವರೇ ಇಟ್ಟ ಕೆಂಪು ಚುಕ್ಕೆ ತೋರಿಸಿದೆ. ಅವರು ಬಗ್ಗಿ, ಮುಖ ತುಸು ಓರೆ ಮಾಡಿ ನೋಡಿದರು. ಚುಕ್ಕೆ ಯಾರು ಬೇಕಾದರೂ ಇಡಬಹುದು ಎಂದರು. ಆಗ ನನ್ನ ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

"ಕುಣೀಲಾರದಾಕಿ ನೆಲ ಡೊಂಕಂದ್ಳಂತ, ಮಾಸ್ತರ. ನಿಮ್ದು ಹಂಗಾಗೇತಿ."

ಯಾರೋ ಗಿರಾಕಿ ನಕ್ಕರು. ಮಾಸ್ತರರು ಲೆನ್ಸು ಅಲ್ಲಿಯೇ ಬಿಟ್ಟು ಹೊರಟರು. ಬಾಗಿಲ ಚೌಕಟ್ಟಿಗೆ ಭುಜ ತಾಗಿತು. ನಾನು ತಿರುಗಿ ಕರೆಯಲಿಲ್ಲ.

ಖಂಡೇನವಮಿಗೆ, ಅಂದರೆ ಆಯುಧಪೂಜೆಯ ದಿನ, ನಾನು ಪ್ರತಿ ವರ್ಷ ಹುನಗುಂದಕ್ಕೆ ಅವರ ಮನೆಗೆ ಊಟಕ್ಕೆ ಹೋಗುತ್ತೇನೆ. ಅಪ್ಪ ಹೋಗುತ್ತಿದ್ದರು, ಅವರ ನಂತರ ನಾನು. ಈ ವರ್ಷ ಹೋಗುವುದಿಲ್ಲ ಎಂದು ಹೆಂಡತಿಗೆ ಸಾರಿ ಹೇಳಿದ್ದೆ. ಹಿಂದಿನ ದಿನ ವೈನಿಯ ಫೋನು ಬಂತು. ಜಗಳ ಏನಿದ್ದರೂ ಹಬ್ಬ ಆದ ಮೇಲೆ ಆಡಿಕೊಳ್ಳಿರಿ, ಊಟಕ್ಕೆ ಮಾತ್ರ ಬರಲೇಬೇಕು ಎಂದರು. ಆ ಹೆಣ್ಣುಮಗಳ ಮಾತು ಮೀರುವುದು ನನ್ನಿಂದಾಗಲಿಲ್ಲ. ಹೊರಡುವಾಗ ಕೆಂಪು ಚುಕ್ಕೆಯ ಲೆನ್ಸನ್ನು ಜೇಬಿಗೆ ಹಾಕಿಕೊಂಡೆ. ಅವರ ಗುರುತು ಇದ್ದ ಸಾಮಾನು ಅವರ ಮನೆಯ ಪೂಜೆಗೇ ಕೂಡಲಿ, ನನಗೆ ಅದರ ಮುಖ ನೋಡುವುದು ಬೇಡವಾಗಿತ್ತು.

ಖಂಡೇನವಮಿಯಂದು ಕಸುಬಿನ ಸಾಮಾನೆಲ್ಲ ದೇವರ ಮುಂದೆ. ಮರುದಿನ ಬನ್ನಿ ಮುಡಿಯುವ ತನಕ ಅವನ್ನು ಮುಟ್ಟುವಂತಿಲ್ಲ, ಕೆಲಸಕ್ಕೆ ಹಚ್ಚುವಂತಿಲ್ಲ. ಮಾಸ್ತರರ ದೇವರ ಕೋಣೆಯಲ್ಲಿ ಕ್ಯಾಮೆರಾಗಳು, ಹಳೆಯ ಫ್ಲಾಶು, ಡ್ರಾಯಿಂಗ್ ಬ್ರಷ್ಷುಗಳು, ವೈನಿಯ ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮ, ಚೆಂಡುಹೂವು. ನಾನು ತಂದ ಲೆನ್ಸನ್ನೂ ವೈನಿ ಇಸಿದುಕೊಂಡು ಅವುಗಳ ನಡುವೆ ಇಟ್ಟು ಕುಂಕುಮ ಹಚ್ಚಿದರು.

ಊಟದಲ್ಲಿ ಮಾತು ಹೋಳಿಗೆ ಬಡಿಸುವಷ್ಟಕ್ಕೇ ಇತ್ತು. ಆಮೇಲೆ ಪಡಸಾಲೆಯಲ್ಲಿ ಕೂತೆವು. ಅಲ್ಲಿನ ಗೋಡೆಗೆ ವೈನಿಯ ಹಳೆಯ ಚೌಕಡಿ ಸೀರೆ ಇಳಿಬಿಟ್ಟಿತ್ತು, ನೆಲಮಟ್ಟದವರೆಗೆ. ಎಲ್ಲ ಲೆನ್ಸುಗಳ ಪರೀಕ್ಷೆ ನಡೆದದ್ದು ಅದರ ಎದುರೇ. ಮಾಸ್ತರರು ಅದನ್ನು ನೋಡುತ್ತ, ನನ್ನ ಕಡೆ ತಿರುಗದೆ, ನಾನು ಹುಚ್ಚ ಅಲ್ಲ ಎಂದರು. ಕ್ಯಾಮೆರಾ ದೇವರ ಮುಂದಿದೆ, ಇಲ್ಲದಿದ್ದರೆ ಈಗಲೇ ತೋರಿಸುತ್ತಿದ್ದೆ ಎಂದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕ್ಯಾಮೆರಾ ಯಾಕೆ ಬೇಕು, ಎಲ್ಲಿ ಬಾಗುತ್ತದೆ ಎಂದು ಬಾಯಲ್ಲೇ ಹೇಳಿರಿ, ಕಂಪನಿಗಾದರೂ ಬರೆಯುತ್ತೇನೆ ಎಂದೆ.

ಅವರು ಎದ್ದರು. ದಿನವೂ ನಿಲ್ಲುವ ಜಾಗದಲ್ಲಿ ನಿಂತರು. ಮೊಣಕೈ ಪಕ್ಕೆಗೆ ಒತ್ತಿ, ಎರಡೂ ಕೈ ಮುಖದ ಹತ್ತಿರ ತಂದು, ಇಲ್ಲದ ಕ್ಯಾಮೆರಾವನ್ನು ಹಿಡಿದರು. ರೂಢಿಯಂತೆ ಎಡಗಣ್ಣು ಮುಚ್ಚಿತು.

"ನೋಡು, ಮ್ಯಾಲಿಂದ ಸೀದಾ ಬರ್ತದ. ಕರೇ ಗೆರಿ ನೋಡು. ಸೆರಗಿನ ಸಮೀಪ ಬಂದ ಕೂಡ್ಲೆ ತಗ್ಗಿಗೆ ಬೀಳ್ತದ. ಎರಡು ಚೌಕಡಿ ಒಂದರಾಗೊಂದು ಹೊಕ್ಕು ನಡುವ..."

ಅಲ್ಲಿಗೆ ನಿಂತರು. ಕೈಗಳು ಗಾಳಿಯಲ್ಲೇ ಉಳಿದವು. ಆ ಕೈಗಳಲ್ಲಿ ಏನೂ ಇರಲಿಲ್ಲ. ಅದು ನನಗೂ ಆಗಲೇ ಹೊಳೆದದ್ದು. ಎಲೆ ಅಡಿಕೆಯ ತಟ್ಟೆ ಹಿಡಿದು ಬಂದ ವೈನಿ ಬಾಗಿಲಲ್ಲೇ ನಿಂತರು.

ಮಾಸ್ತರರು ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದರು. ಮತ್ತೆ ಅದಲುಬದಲು ಮಾಡಿದರು. ಸೀರೆಯ ತುದಿ ಜಗ್ಗಿ ಹಿಡಿ ಎಂದು ವೈನಿಗೆ ಹೇಳಿದರು. ಅವರು ತಟ್ಟೆ ಕೆಳಗಿಟ್ಟು ಹೋಗಿ, ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಸೀರೆಯ ಅಂಚು ಬಿಗಿಯಾಗಿ ಎಳೆದು ಹಿಡಿದರು. ಓಣಿಯಲ್ಲಿ ಯಾರದೋ ಪೂಜೆಯಾದ ಟ್ರ್ಯಾಕ್ಟರಿಗೆ ಕಾಯಿ ಒಡೆಯುತ್ತಿದ್ದರು. ಮಾಸ್ತರರು ಮತ್ತೊಮ್ಮೆ ಎಡಗಣ್ಣು ಮುಚ್ಚಿ ನೋಡಿದರು. ಆಮೇಲೆ ಹಿಂದೆ ಕುರ್ಚಿ ಇದ್ದರೂ ಅಲ್ಲಿಯೇ ನೆಲಕ್ಕೆ ಕೂತುಬಿಟ್ಟರು.

"ಇದರಾಗ ಲೆನ್ಸೇ ಇಲ್ಲಲ್ಲೋ, ಬಾಷಾ," ಎಂದರು.

 ಎಲ್ಲರ ಮುಂದೆ ಅವರಿಗೆ ಅಂದಿದ್ದ ಗಾದೆ ನನಗೇ ತಿರುಗಿ ಚುಚ್ಚಿತು. ಓಡಾಡುವಾಗ, ಓದುವಾಗ, ಕಂಪ್ಯೂಟರಿನ ಮುಂದೆ ಕೂತಾಗ ಎಡಗಣ್ಣು ಬಲಗಣ್ಣಿನ ಕೊರತೆಯನ್ನು ತುಂಬಿಕೊಡುತ್ತಿತ್ತು. ಬಲಗಣ್ಣು ಒಂಟಿಯಾಗಿ ನಿಲ್ಲುತ್ತಿದ್ದುದು ಕ್ಯಾಮೆರಾದ ಕಿಂಡಿಯಲ್ಲಿ ಮಾತ್ರ. ಅದಕ್ಕೇ ಅವರು ಅದರ ಅನಾರೋಗ್ಯವನ್ನೆಲ್ಲ ನನ್ನ ಲೆನ್ಸುಗಳ ಮೇಲೆ ಹೊರಿಸಿದ್ದರು. ನಾನು ನನ್ನ ಲೆನ್ಸುಗಳನ್ನು ಕಾಯುತ್ತ, ಅವರ ಕಣ್ಣನ್ನು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಹಬ್ಬದ ರಜೆ. ಅದರ ಮರುದಿನ ಬಾಗಲಕೋಟೆಯ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಮೂವರೂ ಕೂತಿದ್ದೆವು. ಮಾಸ್ತರರು ಅಂಗಿಯ ಜೇಬಿನಿಂದ ಬಾಡಿದ ಬನ್ನಿ ಎಲೆ ತೆಗೆದು ನನ್ನ ಕೈಗಿಟ್ಟರು. ಅದನ್ನು ಬಂಗಾರವೆಂದು ಕಿರಿಯರು ಹಿರಿಯರಿಗೆ ಕೊಟ್ಟು ಕಾಲು ಮುಟ್ಟುವುದು ನಮ್ಮ ಕಡೆಯ ಪದ್ಧತಿ. ಅವರು ತಾವೇ ಮೊದಲು ಕೊಟ್ಟರು.

"ಬಂಗಾರ ತಗೋ. ನಾ ಅಂದದ್ದು ಮರತುಬಿಡು. ನೆಲ ಡೊಂಕಿರಲಿಲ್ಲ."

ನಾನು ಎಲೆಯನ್ನು ಕಣ್ಣಿಗೊತ್ತಿಕೊಂಡು ಅವರ ಕಾಲು ಮುಟ್ಟಿದೆ. ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಒಳಗೆ ಡಾಕ್ಟರು ಒಂದು ಚೌಕಳಿ ಕಾಗದ ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿದರು. ಇದು ನನ್ನ ಸೀರೆಯೇ ಎಂದು ವೈನಿ ಮೆಲ್ಲಗೆ ಅಂದರು. ಬಲಗಣ್ಣಿನ ಪರದೆಯ ಸರಿ ನಡುವೆ ರಕ್ತನಾಳ ಸೋರಿ ನೀರು ನಿಂತಿದೆ, ಕಣ್ಣಿಗೆ ಇಂಜೆಕ್ಷನ್ ಕೊಟ್ಟರೆ ಮುಂದೆ ಹೋಗುವುದು ನಿಲ್ಲಬಹುದು, ಗಾಯದ ಕಲೆ ಕಟ್ಟಿದ ಭಾಗ ಮಾತ್ರ ತಿರುಗಿ ಬರುವುದಿಲ್ಲ ಎಂದರು. ಗೆರೆ ಬಾಗಲು ಶುರುವಾದದ್ದು ಯಾವಾಗ ಎಂದು ಕೇಳಿದರು.

ಮಾಸ್ತರರಿಗೆ ತಿಂಗಳು ನೆನಪಿರಲಿಲ್ಲ, ಲೆನ್ಸು ನೆನಪಿದ್ದವು. ಒನ್ ಪಾಯಿಂಟ್ ಏಯ್ಟ್ ಇದ್ದಾಗ ಬರೀ ನಡುಗುತ್ತಿತ್ತು, ಒನ್ ಪಾಯಿಂಟ್ ಫೋರಿನಲ್ಲಿ ಬಾಗಿತು, ನಲವತ್ತರದರಲ್ಲಿ ಕಂಬ ಕರಗಿತು, ತಿರುಗಿ ಮೊದಲಿನದನ್ನೇ ಒಯ್ದಾಗ ಮುರಿದುಬಿತ್ತು ಎಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಒಳ್ಳೆಯದು, ಕೆಟ್ಟದ್ದು, ಅದಕ್ಕಿಂತ ಕೆಟ್ಟದ್ದು ಎಂದು ಅವರು ಲೆನ್ಸುಗಳನ್ನು ತೂಗಿದ್ದೆಲ್ಲ ಒಂದು ಕಣ್ಣು ಆರುತ್ತ ಬಂದ ಕಥೆ. ಮೊದಲ ಲೆನ್ಸು ತಿರುಗಿ ಬಂದ ದಿನವೇ ಈ ಬೆಂಚಿಗೆ ಬಂದಿದ್ದರೆ ಬಹಳಷ್ಟು ಉಳಿಯುತ್ತಿತ್ತು. ಡಾಕ್ಟರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎಡಗಣ್ಣಿಗೂ ಇದು ಬರಬಹುದು, ದಿನವೂ ಮನೆಯಲ್ಲಿ ಚೌಕಳಿ ನೋಡುತ್ತಿರಿ, ಒಂದು ಗೆರೆ ನಡುಗಿದರೂ ಅಂದೇ ಬನ್ನಿರಿ ಎಂದು ಕಾಗದ ಕೊಟ್ಟರು. ಮಾಸ್ತರರು ಕಾಗದ ಬೇಡವೆಂದು ಅಲ್ಲಿಯೇ ಇಟ್ಟು ಬಂದರು.

ಆ ಸೀರೆ ಈಗಲೂ ಪಡಸಾಲೆಯಲ್ಲೇ ಇದೆ. ಬೆಳಿಗ್ಗೆ ಎದ್ದು ಮುಖ ತೊಳೆದು ಮಾಸ್ತರರು ಅದರ ಎದುರು ನಿಲ್ಲುತ್ತಾರೆ, ಬಲಗಣ್ಣು ಮುಚ್ಚಿಕೊಂಡು. ಅವರು ಸೀದಾ ಇದೆ ಎನ್ನುವ ತನಕ ವೈನಿ ಒಲೆ ಹಚ್ಚುವುದಿಲ್ಲ. ಚಹಾಕ್ಕೆ ತಡವಾದರೂ ಸರಿ.

ಇಂಜೆಕ್ಷನ್ನುಗಳು ನಡೆದಿವೆ. ಬಲಗಣ್ಣಿನ ನಡುವೆ ಒಂದು ಮಸಕು ನಿಂತುಬಿಟ್ಟಿದೆ, ಎದುರಿನವರ ಮುಖ ಇರಬೇಕಾದ ಜಾಗದಲ್ಲಿ. ಮೊನ್ನೆ ಅಂಗಡಿಗೆ ಬಂದರು. ಶಾರವ್ವ ಇನ್ನೂ ಕಾಯುತ್ತಿದ್ದಾಳೆ, ಕೆಲಸ ಹಿಡಿಯಬೇಕು ಎಂದರು. ಕುತ್ತಿಗೆಯಲ್ಲಿ ಕ್ಯಾಮೆರಾ ಇತ್ತು, ಅದಕ್ಕೆ ಕೆಂಪು ಚುಕ್ಕೆಯ ಲೆನ್ಸು. ಎಲ್ಲಕ್ಕಿಂತ ಒಳ್ಳೆಯದು ಇದೇ ಎಂದರು. ಈ ಸಲ ನಾನು ಗಾದೆ ಹೇಳಲಿಲ್ಲ.

ನನ್ನ ಗಾಜಿನ ಕಪಾಟಿನ ಎದುರು ನಿಂತು ಕ್ಯಾಮೆರಾವನ್ನು ಎಡಗಣ್ಣಿಗೆ ಏರಿಸಿದರು. ಒಗ್ಗದ ಕಣ್ಣು, ಮೂಗು ಹಿಂದಿನ ಸ್ಕ್ರೀನಿಗೆ ಒತ್ತಿ ಎಣ್ಣೆಯ ಕಲೆ ಮೂಡಿತು. ಒಂದು ಫೋಟೋ ತೆಗೆದು, ಸ್ಕ್ರೀನನ್ನು ಅಂಗಿಯ ತುದಿಯಿಂದ ಒರೆಸಿ, ನನ್ನ ಕಡೆ ಹಿಡಿದರು.

"ಗೆರಿ ಸೀದಾ ಅವ ಏನು, ಬಾಷಾ?"

ಇಷ್ಟು ವರ್ಷದಲ್ಲಿ ಆ ಮನುಷ್ಯ ಯಾರಿಗೂ ಆ ಪ್ರಶ್ನೆ ಕೇಳಿದವರಲ್ಲ.  ಕಪಾಟಿನ ಹಲಗೆಗಳು ಫೋಟೋದಲ್ಲಿ ಎಡಕ್ಕೆ ವಾಲಿದ್ದವು. ಹೌದು ಎಂದುಬಿಡುವುದು ಸುಲಭವಿತ್ತು. ಆದರೆ ಸುಳ್ಳುಗಾರ ಎನಿಸಿಕೊಂಡಾಗ ಎಷ್ಟು ಉರಿಯಿತೆಂಬುದು ನನಗೆ ಗೊತ್ತಿತ್ತು.

"ಸ್ವಲ್ಪ ಎಡಕ್ಕ ವಾಲ್ಯಾವ್ರೀ, ಮಾಸ್ತರ."

ಅವರು ತಲೆಯಾಡಿಸಿದರು. ಹಾಗಾದರೆ ಅದು ಕೈಯ ತಪ್ಪು, ಕೈ ತಿದ್ದಿಕೊಳ್ಳಬಹುದು ಎಂದರು. ಮತ್ತೆ ಮೊಣಕೈ ಪಕ್ಕೆಗೆ ಒತ್ತಿ ನಿಂತು ಇನ್ನೊಂದು ತೆಗೆದರು, ಮತ್ತೆ ನನ್ನ ಕಡೆ ಹಿಡಿದು ಕಾದರು.

ನಾನು ಬಲಗಣ್ಣು ಮುಚ್ಚಿ ನೋಡಿದೆ. ಆಮೇಲೆ ಎಡಗಣ್ಣು ಮುಚ್ಚಿ ನೋಡಿದೆ. ಆಮೇಲಷ್ಟೇ ಹೇಳಿದೆ, ಈಗ ಸೀದಾ ಇವೆ ಎಂದು.